ಮೊದಲ ಗದ್ದೆಗೆ ಹರಿದ ದುಡ್ಡು

ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಿಂದ ಪಿಂಚಣಿಗೆ ಬಂದ ನಮ್ಮಂಥವರಿಗೆ ಆಗ ಇದ್ದದ್ದು ಎರಡು ದಾರಿ. ಒಂದು ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ, ಇನ್ನೊಂದು ಶ್ರೀಲಂಕಾದಲ್ಲಿ ನೆಲಬಾಂಬು, ಅಂದರೆ ಮೈನ್ ತೆಗೆಯುವ ಕೆಲಸ. ಸಂಬಳ ಹೆಚ್ಚೆಂದು ನಾನು ಎರಡನೆಯದನ್ನು ಹಿಡಿದೆ.

ಕಸುಬು ಹೊಸದಲ್ಲ. ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಗಡಿಯುದ್ದಕ್ಕೂ ಮೈನ್ ಹೂಳಿದವರಲ್ಲಿ ನಾನೂ ಇದ್ದೆ. ಸೇನೆ ಹಿಂದೆ ಸರಿದಾಗ ಅವನ್ನು ತೆಗೆದವರಲ್ಲೂ ಇದ್ದೆ. ಎಲ್ಲಿ ಎಷ್ಟು ಹೂತಿದ್ದೇವೆಂದು ನಕ್ಷೆ ಹೇಳುತ್ತಿತ್ತು. ಅಷ್ಟಿದ್ದೂ ಸಾವುನೋವು ತಪ್ಪಲಿಲ್ಲ. ಶ್ರೀಲಂಕಾದ ಮನ್ನಾರಿನಲ್ಲಾದರೋ ಎಲ್‌ಟಿಟಿಇಯವರು ತಾವೇ ತಯಾರಿಸಿ ಹೂತಿದ್ದ ಮೈನುಗಳಿಗೆ ನಮ್ಮ ಕೈಗೆ ನಕ್ಷೆಯೇ ಸಿಗಲಿಲ್ಲ.

ದುಡ್ಡಿಗೆ ಮಾತ್ರ ಬರವಿರಲಿಲ್ಲ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಸುಮಾರು ಮೂರು ಲಕ್ಷ ತಮಿಳರು ವವುನಿಯಾದ ಶಿಬಿರಗಳಲ್ಲಿದ್ದರು. ಬಹುಪಾಲು ಮಂದಿ ಮೆಣಿಕ್ ಫಾರ್ಮಿನಲ್ಲಿ. ಮೈನ್ ತೆಗೆಯದೆ ಊರಿಗೆ ಕಳಿಸುವಂತಿಲ್ಲ ಎಂದಿತು ಕೊಲಂಬೊ. ಶಿಬಿರ ಬೇಗ ಮುಚ್ಚಲಿ ಎಂದು ಜಪಾನ್, ನಾರ್ವೆ, ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಹಣ ಕೊಟ್ಟವು. ಭಾರತ ಪುನರ್ವಸತಿಗೆ 500 ಕೋಟಿ ರೂಪಾಯಿ ಘೋಷಿಸಿತು, ಮೈನ್ ತೆಗೆಯುವ ತಂಡಗಳ ಖರ್ಚನ್ನೂ ಹೊತ್ತಿತು. ಗದ್ದೆಯ ಬದುವಿನಲ್ಲಿ ತಲೆಬುರುಡೆಯ ಕೆಂಪು ಫಲಕದ ಪಕ್ಕದಲ್ಲೇ ಹಣ ಕೊಟ್ಟ ದೇಶದ ಬಾವುಟದ ಫಲಕ.

ನೆಲ ಸಡಿಲವಿದ್ದಲ್ಲಿ ನಮ್ಮ ಹಲ್ಲುಕುಂಟೆಯಂಥ, ಉದ್ದ ಹಿಡಿಯ ರೇಕಿನಿಂದ ಮಣ್ಣನ್ನು ಚೂರುಚೂರೇ ಎಳೆಯುವುದು. ಗಟ್ಟಿ ನೆಲದಲ್ಲಿ ಡಿಟೆಕ್ಟರು, ಮೊಣಕಾಲು. ಲೆಕ್ಕವೆಲ್ಲ ಚದರ ಮೀಟರಿನಲ್ಲಿ. ಏನೂ ಸಿಗದ ಚದರ ಮೀಟರಿಗೂ ಮೈನ್ ತುಂಬಿದ ಚದರ ಮೀಟರಿಗೂ ವರದಿಯಲ್ಲಿ ಒಂದೇ ಬೆಲೆ. ಹಾಗಾಗಿ ಬೇಗ ಮುಗಿಯುವ ನೆಲ ಎಲ್ಲರಿಗೂ ಇಷ್ಟ. ಭತ್ತದ ಗದ್ದೆ, ರಸ್ತೆ, ರೈಲು ದಾರಿ ಮೊದಲು ಸ್ವಚ್ಛವಾದವು. ಅದರಲ್ಲಿ ತಪ್ಪೇನಿಲ್ಲ, ಜನ ಬಿತ್ತಬೇಕಿತ್ತು. ನಮ್ಮ ದೇಶದ ಇರ್ಕಾನ್ ಕಂಪನಿ ಹಾಕಿದ ಹಳಿಯ ಮೇಲೆ 2015ರಲ್ಲಿ ತಲೈಮನ್ನಾರಿಗೆ ಮತ್ತೆ ರೈಲು ಓಡಿತು. ಆಮೇಲೆ ಆ ರೈಲಿನಲ್ಲೇ ಹೋಗಿ ನೋಡಿದೆ. ನಾವು ಮೊಣಕಾಲೂರಿದ್ದ ಕಡೆ ಟ್ರ್ಯಾಕ್ಟರು ಓಡುತ್ತಿತ್ತು. ಆ ದುಡ್ಡು ವ್ಯರ್ಥವಾಗಲಿಲ್ಲ.

ಆದರೆ 2012ರಲ್ಲಿ ಮೆಣಿಕ್ ಫಾರ್ಮ್ ಮುಚ್ಚಿತು, ಕ್ಯಾಮೆರಾಗಳೂ ಹೋದವು. ದಾನಿಗಳ ಕಣ್ಣು ಸಿರಿಯಾ, ಇರಾಕ್, ಆಮೇಲೆ ಉಕ್ರೇನಿನ ಕಡೆ ತಿರುಗಿತು. ಇಲ್ಲಿ ಉಳಿದದ್ದು ಕಷ್ಟದ ನೆಲ. ಜಾಫ್ನಾದ ಕತ್ತಿನಂತಿರುವ ಮುಹಮಾಲೈಯಲ್ಲಿ ಎರಡು ಸೇನೆಗಳು ವರ್ಷಗಟ್ಟಲೆ ಎದುರುಬದುರು ಕೂತು ಸಾಲುಸಾಲಾಗಿ ಮೈನ್ ಹೂತಿದ್ದವು. ಅಲ್ಲಿ ಈಗ ಮಣ್ಣು ಕೆದಕುವವರಲ್ಲಿ ಹೆಂಗಸರೂ ಬಹಳ. ಎಷ್ಟೋ ಮನೆಗಳಲ್ಲಿ ದುಡಿಯುವ ಕೈ ಅದೊಂದೇ. ಶ್ರೀಲಂಕಾ 2017ರಲ್ಲಿ ಮೈನ್ ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ ಸೇರಿತು. ಕೆಲಸ ಮುಗಿಸಲು 2028ರವರೆಗೆ ಗಡುವಿದೆ.

ಗಡುವಿಗೆ ತಕ್ಕ ಹಣದ ಭರವಸೆ ಯಾರದೂ ಇಲ್ಲ. ಈ ಕೆಲಸಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಕೊಡುತ್ತಿದ್ದ ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದಾಗ ಹಲವು ದೇಶಗಳಲ್ಲಿ ಡಿಟೆಕ್ಟರುಗಳು ಮೂಲೆ ಸೇರಿದವು. ಅದೇ ವರ್ಷ ಫಿನ್ಲೆಂಡ್, ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ರಷ್ಯಾದ ಭಯದಿಂದ ಒಪ್ಪಂದವನ್ನೇ ಬಿಡಲು ನಿರ್ಧರಿಸಿದವು.

ವರ್ಷವರ್ಷ ಅಳೆದು ಸುರಿಯುವ ದುಡ್ಡಿನಿಂದ ಕೊನೆಯ ಹೊಲ ಮುಗಿಯುವುದಿಲ್ಲ. ತರಬೇತಾದವರು ಒಮ್ಮೆ ಚದುರಿದರೆ ಮತ್ತೆ ಮೊದಲಿನಿಂದ ಕಲಿಸಬೇಕು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 2009ರಲ್ಲಿ ಹಣ ಕೊಟ್ಟಿತು, ಜನರನ್ನೂ ಕಳಿಸಿತು. ಮುಹಮಾಲೈ ಮುಗಿಯುವವರೆಗಿನ ಖರ್ಚನ್ನು ದೆಹಲಿ ಒಂದೇ ಗಂಟಿನಲ್ಲಿ ಕೊಡಬೇಕು, ಈಗಲೇ ಕೊಡಬೇಕು.