ಆತಕೂರಿನ ಕಾಳಿ

ಬೆಂಗಳೂರಿನಿಂದ ಮೈಸೂರಿಗೆ ಪಯಣಿಸುವವರಿಗೆ ಮದ್ದೂರು ಎಂದೊಡನೆ ನೆನಪಾಗುವುದು ವಡೆ. ಅದಕ್ಕಿಂತ ಹೆಚ್ಚಿನ ಶ್ರದ್ಧೆಯುಳ್ಳವರು ಶಿಂಷೆಯನ್ನು ದಾಟಿ ಬಂದು, ಉಗ್ರನರಸಿಂಹನ ದರ್ಶನ ಮಾಡಿಕೊಂಡು, ಕಬ್ಬಿನ ಗದ್ದೆಗಳ ನಡುವೆ ಮಂಡ್ಯದ ಹಾದಿ ಹಿಡಿಯುತ್ತಾರೆ. 2023ರಲ್ಲಿ ತೆರೆದ ಹೊಸ ಹೆದ್ದಾರಿಯಂತೂ ಅಷ್ಟಕ್ಕೂ ಇಳಿಯಗೊಡದೆ ಒಂದೇ ಉಸಿರಿನಲ್ಲಿ ಮೈಸೂರು ಮುಟ್ಟಿಸಿಬಿಡುತ್ತದೆ. ಹೀಗಾಗಿ, ಇದೇ ಮದ್ದೂರು ತಾಲ್ಲೂಕಿನ ಆತಗೂರು ಎಂಬ ಗ್ರಾಮದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಒಂದು ನಾಯಿಗಾಗಿ ದೇವಾಲಯದೆದುರು ಕಲ್ಲು ನೆಡಿಸಿ, ಅದರ ಪೂಜೆಗೆ ಗದ್ದೆ ಬಿಟ್ಟಿದ್ದರೆಂಬ ಸಂಗತಿಯನ್ನು ಬಲ್ಲ ಪ್ರಯಾಣಿಕರು ಕಡಮೆ. ಊರಿನ ಹೆಸರು ಆಗ ಆತಕೂರು. ನಾಯಿಯ ಹೆಸರು ಕಾಳಿ.

ಅರಸರ ಸಮಾಧಿಗಳೆಂದರೆ ನಮ್ಮ ಮನಸ್ಸು ಈಜಿಪ್ಟಿಗೆ ಓಡುವುದು ಸಹಜ. 1922ರ ನವೆಂಬರ್ 4ರಂದು ಹೊವರ್ಡ್ ಕಾರ್ಟರನ ಕೂಲಿಯಾಳುಗಳು ಅರಸರ ಕಣಿವೆಯಲ್ಲಿ ಬಂಡೆಯಲ್ಲಿ ಕಡೆದ ಒಂದು ಮೆಟ್ಟಿಲನ್ನು ಕಂಡರು. ಅದೇ ತಿಂಗಳ 26ರಂದು ಕಾರ್ಟರ್ ಒಳಬಾಗಿಲಿನ ಗೋಡೆಯಲ್ಲಿ ಸಣ್ಣ ಕಿಂಡಿ ಕೊರೆದು, ಮೇಣದಬತ್ತಿಯ ಬೆಳಕಿನಲ್ಲಿ ಇಣಿಕಿದನು. ಹದಿಹರೆಯ ದಾಟುವ ಮೊದಲೇ ತೀರಿಕೊಂಡ ತುತಂಖಾಮನ್ ಎಂಬ ಎಳೆಯ ಅರಸನಿಗಾಗಿ ಕೂಡಿಟ್ಟ ಐದು ಸಾವಿರಕ್ಕೂ ಮಿಕ್ಕಿದ ವಸ್ತುಗಳು ಒಳಗಿದ್ದವು. ಅವನ್ನು ಹೊರತೆಗೆದು ಲೆಕ್ಕವಿಡಲು ಹತ್ತು ವರ್ಷ ಹಿಡಿಯಿತು. ಒಳಗಣ ಶವಪೆಟ್ಟಿಗೆಯೊಂದೇ 110 ಕಿಲೋಗ್ರಾಂ ತೂಗುವ ಅಪ್ಪಟ ಚಿನ್ನ! ಈ ಕಥೆಯನ್ನು ಓದಿದ ನಮ್ಮವರು ಅನೇಕರು, "ನಮ್ಮಲ್ಲೇಕೆ ಇಂಥದೊಂದು ಸಿಕ್ಕಲಿಲ್ಲ?" ಎಂದು ಕೇಳುವುದುಂಟು.

ಉತ್ತರ ಸುಲಭವಾಗಿದೆ. ನಮ್ಮ ನಾಡಿನ ಅರಸರನ್ನು ಬೆಂಕಿಗೆ ಒಪ್ಪಿಸುತ್ತಿದ್ದರು. ತಲಕಾಡನ್ನು ರಾಜಧಾನಿಯಾಗಿಸಿಕೊಂಡು ಈ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲವನ್ನು ಶತಮಾನಗಳ ಕಾಲ ಆಳಿದ ಗಂಗರು ತಮ್ಮ ದೇಹವನ್ನು ಚಿನ್ನದಲ್ಲಿ ಸುತ್ತಿ ಕಾಪಾಡುವ ಯೋಚನೆಯನ್ನೇ ಮಾಡಿದವರಲ್ಲ. ಅವರು ಬಿಟ್ಟುಹೋದದ್ದು ಕಲ್ಲು ಮತ್ತು ಅಕ್ಷರ. ಅದೂ ನೆಲದೊಳಗೆ ಬಚ್ಚಿಟ್ಟದ್ದಲ್ಲ. ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ದನ ಕಾಯುವ ಹುಡುಗನೂ ನೋಡುವಂತೆ ಬಯಲಿನಲ್ಲಿ ನಿಲ್ಲಿಸಿದ್ದು. ಆತಕೂರಿನ ಕಲ್ಲು ಅಂಥವುಗಳಲ್ಲಿ ಒಂದು. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಬಿ. ಎಲ್. ರೈಸರು 1894ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಇದು ಮಂಡ್ಯ 41ನೆಯ ಶಾಸನವಾಗಿ ಅಚ್ಚಾಗಿದೆ; ಜೆ. ಎಫ್. ಫ್ಲೀಟರೂ ಇದನ್ನು ಪ್ರತ್ಯೇಕವಾಗಿ ಸಂಪಾದಿಸಿದ್ದಾರೆ.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋಗಿದ್ದನು. ಅವನ ಅಕ್ಕನ ಗಂಡನಾದ ಗಂಗರ ಬೂತುಗನು ತನ್ನ ಸೈನ್ಯದೊಡನೆ ಅವನಿಗೆ ಬೆಂಬಲವಾಗಿದ್ದನು. ಇಂದಿನ ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ ಘೋರ ಯುದ್ಧ ನಡೆದು, ಚೋಳ ಪರಾಂತಕನ ಮಗ ರಾಜಾದಿತ್ಯನು ಮಡಿದನು. ಆ ಕಾಳಗದಲ್ಲಿ ಬೂತುಗನ ಕಣ್ಣೆದುರೇ ಕಾದಿದವನು ಸಗರ ವಂಶದ ಮಣಲೆರನೆಂಬ ಭಟ. ಅವನ ಕೆಚ್ಚನ್ನು ಕಂಡು ಒಡೆಯನು, "ಮೆಚ್ಚಿದೆ, ಬೇಡಿಕೊ" ಎಂದನು.

ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು. ಚೋಳರ ಯುವರಾಜನೇ ಬಿದ್ದಿದ್ದಾನೆ. ಗೆದ್ದವರ ಕೈಗೆ ನಾಡುಗಳೇ ಬರುವ ಹೊತ್ತು. ಮುಂದೆ ಬೂತುಗನಿಗೆ ಕೃಷ್ಣನಿಂದ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು, ಇಷ್ಟೂ ದೊರೆತವು. ಇಂಥ ಗಳಿಗೆಯಲ್ಲಿ ಮಣಲೆರನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. "ನಿಮ್ಮ ಕಾಳಿಯೆಂಬ ನಾಯನ್ನು ದಯಪಾಲಿಸಿ" ಎಂದನು. ಬೂತುಗನು ಕೊಟ್ಟನು. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಅವನು ಮಣಲೆರನಿಗೆ ಉಂಬಳಿಯಾಗಿ ಕೊಟ್ಟದ್ದನ್ನು ಶಾಸನ ಬೇರೆಯಾಗಿ ಹೇಳುತ್ತದೆ. ಬಾಯಿಬಿಟ್ಟು ಬೇಡಿದ್ದು ಮಾತ್ರ ನಾಯಿ.

ಹೀಗೆ ಆ ನಾಯಿ ಮಣಲೆರನದಾಯಿತು. ಕೆಳಲೆನಾಡಿನ ಬೆಳ್ತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಡಸತ್ತವು, ಎಂದರೆ ಒಂದನ್ನೊಂದು ಕೊಂದು ಜೊತೆಯಲ್ಲೇ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಸೆಣಸುವ ಚಿತ್ರವಿದೆ. ಕಾಳಗದಲ್ಲಿ ಬಿದ್ದ ಮನುಷ್ಯ ವೀರನಿಗೆ ಸಲ್ಲುವ ಮರ್ಯಾದೆಯೇ ನಾಯಿಗೂ ಸಂದಿತು.

ಶಾಸನದ ಶಾಪವಾಕ್ಯವಂತೂ ಇನ್ನೂ ಸ್ವಾರಸ್ಯವಾಗಿದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಹೇಳುವುದು ವಾಡಿಕೆ. ಇಲ್ಲಿ ಹಾಗಿಲ್ಲ. ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ ಈ ಮಣ್ಣನ್ನು ಅಳಿದರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ಗುಡಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೂ ಅದೇ ಪಾಪ! ಒಡೆಯನಿಗಾಗಿ ಪ್ರಾಣಬಿಟ್ಟ ಕಾಳಿ ಅಂಥ ಪಾಪವನ್ನೇನು ಮಾಡಿತ್ತೋ, ಶಾಸನ ಬರೆದವನೇ ಹೇಳಬೇಕು.

ನಾಯಿಯ ಮೇಲಿನ ಅಕ್ಕರೆಯ ಕಥೆಯೆಂದು ಇದನ್ನು ಇಲ್ಲಿಗೇ ಬಿಡುವಂತಿಲ್ಲ. ತಕ್ಕೋಲದ ಯುದ್ಧವನ್ನು ಕುರಿತು ಚರಿತ್ರಕಾರರು ಬರೆಯುವಾಗಲೆಲ್ಲ ಈ ಕಲ್ಲಿನ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಆನೆಯ ಮೇಲಿದ್ದ ರಾಜಾದಿತ್ಯನ ಎದೆಯನ್ನು ಕೃಷ್ಣರಾಜನ ಬಾಣಗಳು ಭೇದಿಸಿದವೆಂದು ಚೋಳರ ತಾಮ್ರಶಾಸನ ಸಾರುತ್ತದೆ. ಆತಕೂರಿನ ಕಲ್ಲು ಬೇರೆಯದನ್ನೇ ಹೇಳುತ್ತದೆ: ಕೊಂದವನು ಬೂತುಗ, ಕೊಂದದ್ದು ಸುರಗಿಯಿಂದ, ಎಂದರೆ ಕಿರುಗತ್ತಿಯಿಂದ ಇರಿದು. ಅಲ್ಲಿರುವ 'ಬಿಸುಗೆ' ಎಂಬ ಒಂದು ಮಾತಿನ ಮೇಲೆ ಬೂತುಗನ ಮಾನವೇ ನಿಂತಿತ್ತು. ಮೊದಲು ಓದಿದ ವಿದ್ವಾಂಸರು ಅದನ್ನು 'ಅಪ್ಪುಗೆ' ಎಂದು ತಿಳಿದರು. ಹಾಗಾದರೆ ತಬ್ಬಿಕೊಳ್ಳುವ ನೆವದಿಂದ ಇರಿದ ವಿಶ್ವಾಸಘಾತಕನಾಗುತ್ತಾನೆ ಬೂತುಗ. ಆದರೆ ಹಳಗನ್ನಡದಲ್ಲಿ ಬಿಸುಗೆಯೆಂದರೆ ಆನೆಯ ಮೇಲಣ ಅಂಬಾರಿಯೂ ಹೌದು. ಆ ಅರ್ಥವನ್ನು ಹಿಡಿದರೆ, ಶತ್ರುವಿನ ಆನೆಯನ್ನೇರಿ, ಅಂಬಾರಿಯನ್ನೇ ರಣರಂಗವಾಗಿಸಿಕೊಂಡು ಕಾದಿದ ಕಲಿಯಾಗುತ್ತಾನೆ. ಎರಡನೆಯ ಅರ್ಥವೇ ವಾಕ್ಯಕ್ಕೆ ಒಪ್ಪುವಂಥದು. ವೈರಿಯನ್ನು ಮೋಸದಿಂದ ಕೊಂದೆನೆಂದು ಯಾವ ಅರಸನು ತಾನೇ ಕಲ್ಲಿನ ಮೇಲೆ ಕೊರೆಯಿಸಿಯಾನು? ಒಂದು ಸಾಮ್ರಾಜ್ಯದ ಯುವರಾಜ ಹೇಗೆ ಸತ್ತನೆಂಬ ಪ್ರಶ್ನೆಗೆ ಸಾಕ್ಷಿ ನುಡಿಯುವುದು ಬೇಟೆನಾಯೊಂದರ ನೆನಪಿನ ಕಲ್ಲು! ಅಂದಹಾಗೆ, ಚೋಳರು ಈ ಸೋಲನ್ನು ಮರೆಯಲಿಲ್ಲ. ಕ್ರಿ. ಶ. 1004ರ ಸುಮಾರಿಗೆ ತಲಕಾಡೇ ಅವರ ವಶವಾಗಿ, ಗಂಗರ ಆಳಿಕೆ ಮುಗಿಯಿತು.

ಕಾಳಿಗೆ ಈಜಿಪ್ಟಿನಲ್ಲಿ ಒಬ್ಬ ಬಂಧುವಿದ್ದಾನೆ. 1935ರಲ್ಲಿ ಗೀಜಾದ ಮಹಾ ಪಿರಮಿಡ್ಡಿನ ಪಶ್ಚಿಮಕ್ಕಿರುವ ಹಳೆಯ ಸಮಾಧಿಗಳನ್ನು ಅಗೆಸುತ್ತಿದ್ದ ಜಾರ್ಜ್ ರೈಸ್ನರ್ ಎಂಬ ಅಮೆರಿಕದ ವಿದ್ವಾಂಸನಿಗೆ ಒಂದು ಸುಣ್ಣಕಲ್ಲಿನ ಫಲಕ ಸಿಕ್ಕಿತು. ಅದರ ಮೇಲಿದ್ದುದು ಅಬುತಿಯು ಎಂಬ ನಾಯಿಯ ವೃತ್ತಾಂತ. ಅರಸನ ಕಾವಲಿಗಿದ್ದ ಆ ನಾಯಿ ಸತ್ತಾಗ ರಾಜಾಜ್ಞೆಯಾಗಿ, ಬೊಕ್ಕಸದಿಂದ ಶವಪೆಟ್ಟಿಗೆ, ನವುರಾದ ನಾರುಬಟ್ಟೆ, ಧೂಪ, ಸುಗಂಧಲೇಪ ಎಲ್ಲವೂ ಬಂದವಂತೆ. ಕಲ್ಲುಕುಟಿಗರ ತಂಡಗಳು ಸಮಾಧಿಯನ್ನು ಕಟ್ಟಿದವಂತೆ. ಈ ಫಲಕ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದು. ಆದರೆ ಸಿಕ್ಕಿದ್ದು ಅಬುತಿಯುವಿನ ಗೋರಿಯಲ್ಲಿ ಅಲ್ಲ. ಯಾರೋ ಆ ಗೋರಿಯನ್ನು ಕಿತ್ತು, ಅದರ ಕಲ್ಲನ್ನು ಇನ್ನೊಬ್ಬರ ಸಮಾಧಿಗೆ ಬಳಸಿಕೊಂಡಿದ್ದರು. ನಾಯಿಯ ಸಮಾಧಿ ಸಿಕ್ಕಲಿಲ್ಲ, ಅಕ್ಷರ ಉಳಿಯಿತು. ಆತಕೂರಿನಲ್ಲೂ ಕಾಳಿಯ ಎಲುಬನ್ನು ಕಂಡವರಿಲ್ಲ.

ಎರಡು ನಾಯಿಗಳಿಗೂ ಒಂದು ಅಂತರವಿದೆಯೆನ್ನಬೇಕು. ಅಬುತಿಯುವಿಗೆ ಬೇಕಾದದ್ದೆಲ್ಲ ಮರಣದ ಆಚೆಗೆ; ಪರಲೋಕದಲ್ಲಿ ಅದು ಗೌರವದಿಂದ ಇರಲೆಂಬುದು ಅರಸನ ಬಯಕೆ. ಕಾಳಿಯ ಕಲ್ಲು ಪರಲೋಕದ ಮಾತನ್ನೇ ಎತ್ತುವುದಿಲ್ಲ. ಎಲ್ಲಿ ಸತ್ತಿತು, ಯಾವ ಗುಡ್ಡದಲ್ಲಿ, ಯಾವ ಕೆರೆಯ ಕೆಳಗೆ ಎಷ್ಟು ಮಣ್ಣು ಬಿಟ್ಟರು ಎಂಬ ಲೆಕ್ಕಾಚಾರವನ್ನು ಮಾತ್ರ ಇಡುತ್ತದೆ. ನನಗೆ ಈ ಒಕ್ಕಲುತನದ ಶಿಸ್ತೇ ಹೆಚ್ಚು ಹಿಡಿಸುತ್ತದೆ.

ಮದ್ದೂರಿನಿಂದ ಮಳವಳ್ಳಿಯ ದಾರಿ ಹಿಡಿದು ಮುಂದೆ ಹೋದರೆ ತಲಕಾಡು ದೂರವಲ್ಲ. ಗಂಗರ ಆ ರಾಜಧಾನಿಯ ಬಹುಭಾಗ ಮರಳಿನಡಿ ಮುಚ್ಚಿಹೋಗಿದೆ. ತಲಕಾಡು ಸೇರಿರುವ ತಿರುಮಕೂಡಲು ನರಸೀಪುರ ತಾಲ್ಲೂಕಿನದೇ ದೊಡ್ಡಹುಂಡಿ. ಅಲ್ಲಿಯ ಕಲ್ಲಿನಲ್ಲಿ ಗಂಗರ ಅರಸ ನೀತಿಮಾರ್ಗನು ಸಾಯುವ ಗಳಿಗೆಯನ್ನೇ ಕೆತ್ತಿದ್ದಾರೆ: ಹಾಸಿಗೆಯಲ್ಲಿ ಒರಗಿದ ದೊರೆ, ಬಳಿಯಲ್ಲಿ ಆಪ್ತ ಸೇವಕ, ಮಗ. ಗಂಗರ ಅರಸನೊಬ್ಬನ 'ಸಮಾಧಿ'ಗೆ ಅತ್ಯಂತ ಸಮೀಪವಾದದ್ದು ಇದೇ ಇರಬೇಕು. ಆ ಸೇವಕ ಅಗರಯ್ಯನು 'ಕೀಳ್ಗುಂಟೆ'ಯಾದನೆಂದು ಶಾಸನ ಹೇಳುತ್ತದೆ. ಒಡೆಯನೊಡನೆ ತಾನೂ ಸಾವನ್ನು ಒಪ್ಪಿಕೊಂಡನೆಂದು ಅರ್ಥ. ಮಂಡ್ಯ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ, ಹೊಯ್ಸಳ ಅರಸರೊಡನೆ ತಲೆಮಾರು ತಲೆಮಾರಾಗಿ ಪ್ರಾಣಬಿಟ್ಟ 'ಗರುಡ'ರ ಕಂಬಗಳು ನಿಂತಿವೆ. ಈಜಿಪ್ಟಿನ ಮೊದಲನೆಯ ರಾಜವಂಶದ ಅರಸರ ಸುತ್ತ, ಅಬೈಡಾಸ್ ಎಂಬಲ್ಲಿ, ಪರಿಚಾರಕರ ನೂರಾರು ಗೋರಿಗಳು ಸಾಲುಹಿಡಿದಿವೆ. ಅವರಿಗೆ ಹೆಚ್ಚೆಂದರೆ ಹೆಸರು ಕೊರೆದ ಒಂದು ಸಣ್ಣ ಕಲ್ಲು. ಅಗರಯ್ಯನಿಗಾದರೋ ದೊರೆಯ ಪಕ್ಕದಲ್ಲೇ ಚಿತ್ರವೂ ಉಂಟು, ಅಕ್ಷರವೂ ಉಂಟು.

ತುತಂಖಾಮನನ ಸಂಪತ್ತು ಉಳಿದದ್ದು ಮರೆಯಲ್ಲಿ ಹೂತಿದ್ದರಿಂದ. ನಮ್ಮ ಕಲ್ಲುಗಳ ಪಾಡು ಬೇರೆ. ಬಯಲಿನಲ್ಲಿ ನಿಂತಿರುವುದೇ ಅವುಗಳ ಭಾಗ್ಯವೂ ಹೌದು, ದೌರ್ಭಾಗ್ಯವೂ ಹೌದು. ಹಳ್ಳಿಯ ಕಡೆ ಓಡಾಡುವವರು ನೋಡಿಯೇ ಇರುತ್ತಾರೆ: ಒಂದು ವೀರಗಲ್ಲು ಕಾಲುವೆಗೆ ಅಡ್ಡಲಾಗಿ ಮಲಗಿರುತ್ತದೆ, ಇನ್ನೊಂದರ ಮೇಲೆ ಬಟ್ಟೆ ಒಗೆಯುತ್ತಾರೆ, ಮತ್ತೊಂದರ ಬುಡವನ್ನು ನಿಧಿಯ ಆಸೆಗೆ ರಾತ್ರೋರಾತ್ರಿ ಅಗೆದು ಬೀಳಿಸಿರುತ್ತಾರೆ. ಅಗೆದವರಿಗೆ ಮಣ್ಣಲ್ಲದೆ ಬೇರೇನೂ ಸಿಕ್ಕುವುದಿಲ್ಲ. ನಿಧಿ ಕಲ್ಲಿನ ಮುಖದ ಮೇಲೆಯೇ ಇತ್ತು. ಅದನ್ನು ಕವುಚಿ ಹಾಕಿ ಹೋದರು. ಕಾಳಿಯ ಕಲ್ಲಿಗೂ ಇಂಥ ಗತಿ ಬಂದಿದ್ದರೆ, ಅಂಬಾರಿಯ ಮೇಲೆ ನಡೆದ ಕಾಳಗದ ಸುದ್ದಿ ನಮಗೆ ತಲುಪುತ್ತಲೇ ಇರಲಿಲ್ಲ. ಊರಿನ ಕಲ್ಲು ಊರಿನಲ್ಲೇ ಇರಬೇಕೆಂಬ ವಾದ ನನಗೂ ಪ್ರಿಯವೇ. ಆದರೂ ಈ ಒಂದು ಕಲ್ಲಿನ ಮಟ್ಟಿಗೆ, ಅದನ್ನು ಸಾಗಿಸಿದವರನ್ನು ದೂರಲು ಮನಸ್ಸು ಬಾರದು.

ಕಲ್ಲು ಸೇರಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ. ಅದನ್ನು ನೋಡಬಯಸುವವರು ಮೊದಲು ಶಿಲ್ಪದತ್ತ ಕಣ್ಣು ಹಾಯಿಸಲಿ. ಹಂದಿ ಮಣಿದಿಲ್ಲ, ನಾಯಿ ಹಿಡಿತ ಬಿಟ್ಟಿಲ್ಲ. ಸುತ್ತಲೂ ಹತ್ತನೆಯ ಶತಮಾನದ ಗುಂಡಗಿನ ಕನ್ನಡ ಅಕ್ಷರಗಳು. ಆತಗೂರಿನಲ್ಲಿ ಚಲ್ಲೇಶ್ವರನ ಗೊರವನಿಗೆ ಪೂಜಿಸಬೇಕಾದ ಕಲ್ಲು ಈಗ ಎದುರಿಗಿಲ್ಲ. ಅವನು ನಿಶ್ಚಿಂತೆಯಿಂದ ಉಣ್ಣಬಹುದು.