ಗಾಡಿಯ ಪಾದರಕ್ಷೆ

ಹಬ್ಬಕ್ಕೆ ಒಂದು ಸೀರೆ ಕೊಳ್ಳಬೇಕಾದರೆ ಹತ್ತು ಅಂಗಡಿಗಳ ಮೆಟ್ಟಿಲೇರಿ, ಸೆರಗನ್ನು ಬೆಳಕಿಗೆ ಹಿಡಿದು, ನೂಲನ್ನು ಬೆರಳಿನಿಂದ ಉಜ್ಜಿ ನೋಡುವ ನಾವು, ಮನೆಯ ಕಾರಿಗೆ ಟೈರು ಕೊಳ್ಳುವಾಗ ಮಾತ್ರ ಅಂಗಡಿಯವನು ಉರುಳಿಸಿ ತಂದುದನ್ನೇ ಹಾಕಿಸಿಕೊಂಡು ಬರುತ್ತೇವೆ. ಕಪ್ಪು ರಬ್ಬರಿನಲ್ಲಿ ನೋಡತಕ್ಕದ್ದಾದರೂ ಏನಿದೆ ಎಂಬುದು ನಮ್ಮ ಭಾವನೆ. ಈ ಭಾವನೆಯಿಂದ ನಮ್ಮ ಮನೆಗೆ ಒದಗಲಿದ್ದ ವಿಪತ್ತನ್ನೂ, ಅದರಿಂದ ನಾವು ಕಲಿತುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ನಮ್ಮ ವಾಸವು ಶಹಾಬಾದಿನಲ್ಲಿ. ಈ ಊರಿನ ಫರಸಿಕಲ್ಲನ್ನು ಅರಿಯದವರು ವಿರಳ. ನಮ್ಮ ಕಾಲಡಿಯ ಭೂಮಿಯೆಲ್ಲ ಪದರುಪದರಾದ ಸುಣ್ಣಕಲ್ಲು. ಅದನ್ನು ಸೀಳಿದರೆ ಮನೆಗೆ ಹಾಸುವ ಫರಸಿಯಾಗುವುದು, ಅರೆದು ಸುಟ್ಟರೆ ಸಿಮೆಂಟಾಗುವುದು. ವಾಡಿ, ಚಿತ್ತಾಪುರ, ಸೇಡಂ ಈ ಭಾಗಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ತಲೆಯೆತ್ತಿದುದು ಇದೇ ಕಲ್ಲಿನ ಬಲದಿಂದ. ಹೀಗಾಗಿ ನಮ್ಮ ರಸ್ತೆಗಳಲ್ಲಿ ಕಲ್ಲು ಹೊತ್ತ, ಸಿಮೆಂಟು ಹೊತ್ತ ಲಾರಿಗಳ ಸಾಲು ಹಗಲಿರುಳೂ ತಪ್ಪದು. ಅವುಗಳಿಂದ ಉದುರಿದ ಫರಸಿಯ ಚೂರುಗಳು ಚಾಕುವಿನ ಅಲಗಿನಂತೆ ದಾರಿಯ ಅಂಚಿನಲ್ಲಿ ಬಿದ್ದಿರುತ್ತವೆ. ಉಳಿದ ಕಡೆಯ ಎರೆಭೂಮಿಯೋ, ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯತಕ್ಕದ್ದು. ಅದರ ಮೇಲಿನ ರಸ್ತೆ ಬಹುಕಾಲ ಸಮನಾಗಿ ನಿಲ್ಲಲಾರದು. ಇವೆರಡರ ಮೇಲೆ ಮೇ ತಿಂಗಳಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ಬಿಸಿಲು. ಟೈರಿಗೆ ಶತ್ರುಗಳೆಂಬುವು ಮೂರಾದರೆ, ಆ ಮೂರೂ ನಮ್ಮ ನಾಡಿನಲ್ಲಿ ಮನೆಮಾಡಿಕೊಂಡಿವೆಯೆಂದರೆ ಅತಿಶಯೋಕ್ತಿಯಾಗದು.

ನಮ್ಮ ಮಗಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. 2024ನೆಯ ಇಸವಿಯ ಮೇ ತಿಂಗಳಲ್ಲಿ ಅವಳನ್ನು ಚೊಚ್ಚಲ ಹೆರಿಗೆಗಾಗಿ ತವರಿಗೆ ಕರೆತರಬೇಕಾಗಿತ್ತು. ಹೊರಡುವ ಮುನ್ನ ಗಾಡಿಯನ್ನು ಪರೀಕ್ಷೆ ಮಾಡಿಸಲು, ಹಿಂದಿನ ಎರಡು ಟೈರುಗಳು ಸವೆದಿವೆಯೆಂದು ತಿಳಿದುಬಂತು. ಆಗ ನಮ್ಮ ಮಿತವ್ಯಯದ ಬುದ್ಧಿ ಜಾಗೃತವಾಯಿತು. ಕಾರು ಕೊಂಡಂದಿನಿಂದ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿಯ ಟೈರು ಒಮ್ಮೆಯಾದರೂ ನೆಲ ಮುಟ್ಟಿರಲಿಲ್ಲ. ಅದರ ಬಟನುಗಳು ಹೊಸದರಂತೆಯೇ ಎದ್ದು ನಿಂತಿದ್ದವು. ಅದನ್ನು ಎಡಗಡೆಗೆ ಹಾಕಿ, ಬಲಗಡೆಗೆ ಮಾತ್ರ ಒಂದು ಹೊಸದನ್ನು ಕೊಂಡರೆ ಒಂದು ಟೈರಿನ ಬೆಲೆ ಉಳಿಯಿತಲ್ಲವೇ? ಹಾಗೆಯೇ ಮಾಡಿಸಿದೆವು. ಸವೆದುದರಲ್ಲಿ ಒಂದನ್ನು ಸ್ಟೆಪ್ನಿಯ ಸ್ಥಾನಕ್ಕೆ ಏರಿಸಿ, ನಮ್ಮ ಜಾಣ್ಮೆಗೆ ನಾವೇ ಮೆಚ್ಚಿಕೊಂಡೆವು.

ಹೋಗುವಾಗ ಏನೂ ಆಗಲಿಲ್ಲ. ಉಡಿ ತುಂಬಿಸಿಕೊಂಡ ಮಗಳನ್ನು ಹಿಂದಿನ ಆಸನದಲ್ಲಿ ತಾಯಿಯ ಪಕ್ಕದಲ್ಲಿ ಕೂಡಿಸಿಕೊಂಡು, ನಡುಹಗಲಿನಲ್ಲಿ ಹಿಂದಿರುಗುತ್ತಿದ್ದೆವು. ಸೇಡಂ ದಾಟಿ ಚಿತ್ತಾಪುರದ ಕಡೆಗೆ ಬರುತ್ತಿರಲು, ಗರ್ನಾಲು ಸಿಡಿದಂತೆ ಒಂದು ಶಬ್ದ. ಮರುಕ್ಷಣವೇ ಗಾಡಿಯ ಹಿಂಭಾಗವು ನಮ್ಮ ಅಧೀನ ತಪ್ಪಿ ಬಾಲವಾಡಿಸತೊಡಗಿತು. ಇಂತಹ ಸಮಯದಲ್ಲಿ ಬ್ರೇಕನ್ನು ಒತ್ತಿಹಿಡಿಯಬಾರದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು ವೇಗವು ತಾನಾಗಿ ಇಳಿಯಲು ಬಿಡಬೇಕು ಎಂಬುದು ಆಮೇಲೆ ನಮಗೆ ತಿಳಿಯಿತು. ಆಗ ನಾವು ಹಾಗೆಯೇ ಮಾಡಿದುದು ತಿಳಿವಿನಿಂದಲ್ಲ, ಭಯದಿಂದ ಕಾಲು ಮರಗಟ್ಟಿದ್ದರಿಂದ. ಗಾಡಿಯು ರಸ್ತೆಯಿಂದಿಳಿದು, ಬಿರಿದ ಎರೆಹೊಲದಲ್ಲಿ ಹತ್ತು ಮಾರು ಓಡಿ ನಿಂತಿತು.

ನಾವು ಹಿಂದಿರುಗಿ ನೋಡಿದೆವು. ಮಗಳು ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಕರೆದರೆ ಮಾತಿಲ್ಲ. ಆ ಒಂದೆರಡು ನಿಮಿಷಗಳಲ್ಲಿ ನಾವು ಉಳಿಸಿದ ಹಣದ ನೆನಪಾಗಿ ನಮ್ಮ ಮೇಲೆ ನಮಗೇ ಎಂತಹ ಜುಗುಪ್ಸೆಯುಂಟಾಯಿತೆಂಬುದನ್ನು ಬರೆಯಲಾರೆವು. ಕೊನೆಗೆ ಅವಳು ಕಣ್ಣು ತೆರೆದು, "ಅಪ್ಪಾ, ಕೂಸು ಮಿಸುಕಾಡ್ತು" ಎಂದಳು. ಅವಳ ತಾಯಿ ಅಳತೊಡಗಿದರು.

ಫರಸಿ ಹೊತ್ತ ಲಾರಿಯೊಂದು ನಿಂತಿತು. ಅದರ ಚಾಲಕರು ವಯಸ್ಸಾದವರು. ಒಡೆದ ಟೈರಿನ ಬಳಿ ಕುಳಿತು ಅದರ ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿ, "ಸಾಹೇಬ್ರ, ಇದು ಸವದು ಸತ್ತದ್ದಲ್ರಿ, ಮುದುಕಾಗಿ ಸತ್ತದ್ದು" ಎಂದರು. ಬಾಗಿ ನೋಡಿದೆವು. ಬತ್ತಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು ಅಲ್ಲೆಲ್ಲ ಹರಡಿದ್ದವು. ಅವರು ತೋರಿಸಿದ ಮೊಟ್ಟೆಯಾಕಾರದ ಗೆರೆಯೊಳಗೆ 2316 ಎಂಬ ನಾಲ್ಕು ಅಂಕೆಗಳಿದ್ದವು. ಮೊದಲಿನ ಎರಡು ವಾರವನ್ನೂ, ಕೊನೆಯ ಎರಡು ಇಸವಿಯನ್ನೂ ಸೂಚಿಸುತ್ತವೆ. ಅಂದರೆ 2016ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದ ಟೈರು ಅದು. ಎಂಟು ವರ್ಷ ಡಿಕ್ಕಿಯ ಬಿಸಿಯಲ್ಲಿ ಬೆಂದಿತ್ತು. ಇದನ್ನು ಕೇಳುತ್ತಲೇ ನಮ್ಮ ಗೃಹಿಣಿ, "ಹಾಲಿನ ಪಾಕೀಟಿನ ತಾರೀಖು ನೋಡದ ನಾ ಒಂದಿನಾನೂ ತರಂಗಿಲ್ಲ. ಇದರ ತಾರೀಖು ಯಾರೂ ನೋಡಲಿಲ್ಲೇನ್ರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಸವೆದ ಸ್ಟೆಪ್ನಿಯ ಮೇಲೆ ಮೆಲ್ಲನೆ ಊರು ಸೇರಿದೆವು. ವೈದ್ಯರು ಮಗಳನ್ನು ಪರೀಕ್ಷಿಸಿ ಭಯವಿಲ್ಲವೆಂದ ಮೇಲೆಯೇ ನಮಗೆ ಊಟ ರುಚಿಸಿದುದು.

ಆಮೇಲೆ ನಾವು ಟೈರಿನ ವಿಷಯವನ್ನು ವಿದ್ಯಾರ್ಥಿಯಂತೆ ಕಲಿತೆವು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಗಾಳಿಯಲ್ಲಿನ ಆಮ್ಲಜನಕವೂ ಶಾಖವೂ ಅದರ ಮೃದುತ್ವವನ್ನು ಕಳೆಯುತ್ತವೆ. ಆರು ವರ್ಷಕ್ಕೆ ಬದಲಾಯಿಸಬೇಕೆಂದು ಕೆಲವು ಕಾರು ತಯಾರಕರು ಹೇಳುತ್ತಾರೆ. ಐದು ವರ್ಷವಾದ ಮೇಲೆ ಪ್ರತಿವರ್ಷವೂ ಪರೀಕ್ಷಿಸಿ, ನೋಡಲು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷಕ್ಕೆ ತೆಗೆದುಹಾಕಬೇಕೆಂದು ಕೆಲವು ಟೈರು ತಯಾರಕರು ಹೇಳುತ್ತಾರೆ. ನಮ್ಮಂತಹ ಬಿಸಿಲುನಾಡಿನವರು ಮೊದಲಿನ ಮಾತನ್ನು ಹಿಡಿಯುವುದೇ ಕ್ಷೇಮವು. ಸ್ಟೆಪ್ನಿಗೂ ಈ ನಿಯಮ ತಪ್ಪದು.

ಇನ್ನು ಅಳತೆ. ನಮ್ಮ ಗಾಡಿಯ ಟೈರಿನ ಮೇಲೆ 165/80 ಆರ್ 14, 85 ಟಿ ಎಂದು ಬರೆದಿದೆ. 165 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 80 ಎಂದರೆ ಅದರ ಗೋಡೆಯ ಎತ್ತರವು ಆ ಅಗಲದ ನೂರಕ್ಕೆ ಎಂಬತ್ತು ಪಾಲು, ಎಂದರೆ 132 ಮಿಲಿಮೀಟರು. ಆರ್ ಎಂಬುದು ರೇಡಿಯಲ್ ಎಂಬ ರಚನೆಯನ್ನೂ, 14 ಎಂಬುದು ಒಳಗಿನ ರಿಮ್ಮಿನ ಅಡ್ಡಳತೆಯನ್ನು ಇಂಚಿನಲ್ಲಿಯೂ ತಿಳಿಸುತ್ತವೆ. 85 ಎಂಬುದು ಭಾರದ ಸಂಕೇತ: ಸರಿಯಾಗಿ ಗಾಳಿ ತುಂಬಿದಾಗ ಆ ಟೈರು 515 ಕಿಲೋ ಹೊರಬಲ್ಲುದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನ ವೇಗದವರೆಗೆ ತಾಳಬಲ್ಲುದು. ಅಷ್ಟು ವೇಗ ನಮಗೆ ಬೇಡ; ಆದರೆ ಭಾರದ ಅಂಕೆಯಾಗಲಿ ವೇಗದ ಅಕ್ಷರವಾಗಲಿ ಗಾಡಿಗೆ ಹೇಳಿದುದಕ್ಕಿಂತ ಕೆಳಗಿನದಾಗಬಾರದು. ಗಾಡಿಗೆ ತಕ್ಕ ಅಳತೆಯೂ ಗಾಳಿಯ ಒತ್ತಡವೂ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತವೆ.

ಹೊಸ ಟೈರು ಕೊಳ್ಳಲು ಹೋದ ಅಂಗಡಿಯಲ್ಲಿ, ಅಗಲವಾಗಿಯೂ ಗಿಡ್ಡ ಗೋಡೆಯುಳ್ಳದ್ದಾಗಿಯೂ ಇರುವ ಟೈರು ಗಾಡಿಗೆ ಶೋಭೆಯೆಂಬ ಸಲಹೆ ನಮಗೆ ದೊರೆಯಿತು. ನಾವು ಒಪ್ಪಲಿಲ್ಲ. ಗೋಡೆ ಎತ್ತರವಿದ್ದಷ್ಟೂ ಗುಂಡಿಯ ಪೆಟ್ಟನ್ನು ರಬ್ಬರು ನುಂಗುತ್ತದೆ. ಗಿಡ್ಡವಾದಷ್ಟೂ ಆ ಪೆಟ್ಟು ರಿಮ್ಮಿಗೆ ತಾಗುತ್ತದೆ. ವಾಡಿಯ ಲಾರಿಗಳ ದಾರಿಯಲ್ಲಿಯೂ ಚಿಂಚೋಳಿಯ ಕಾಡಿನ ತಿರುವುಗಳಲ್ಲಿಯೂ ಓಡತಕ್ಕವರಿಗೆ ಶೋಭೆಗಿಂತ ತಾಳಿಕೆ ಮುಖ್ಯ. ಬೆಲೆ ಇಳಿಸಿ ಕೊಡುತ್ತೇವೆಂದು ತೋರಿಸಿದ ಮತ್ತೊಂದು ಜೊತೆಯ ತಾರೀಖು ನೋಡಿದರೆ, ಅವು ಕಪಾಟಿನಲ್ಲಿಯೇ ಮೂರು ವರ್ಷ ಕಳೆದಿದ್ದವು. ತಾರೀಖು ಓದಿದವರು ನಾವಲ್ಲ, ನಮ್ಮ ಗೃಹಿಣಿ.

ಎರಡನ್ನೇ ಬದಲಾಯಿಸುವುದಾದರೆ ಜೊತೆಯಾಗಿ ಬದಲಾಯಿಸಿ, ಹೊಸವನ್ನು ಹಿಂದಕ್ಕೆ ಹಾಕಿಸುವುದು ಲೇಸು. ಕೆಸರಿನಲ್ಲಿ ಮುಂದಿನ ಚಕ್ರ ಜಾರಿದರೆ ಚಾಲಕನ ಕೈಗೆ ಅರಿವಾಗುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಸುತ್ತಿಬಿಡುತ್ತದೆ. ಬಟನುಗಳ ನಡುವಿನ ಕಾಲುವೆಗಳಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರು ಮಾತ್ರ. ಕಾರಿಗೆ ನಮ್ಮ ದೇಶದ ಮೋಟಾರು ನಿಯಮವು ಒಪ್ಪುವ ಕನಿಷ್ಠವೂ ಅಷ್ಟೇ.

ಬೇಸಗೆಯಲ್ಲಿ ಗಾಳಿ ಕಡಿಮೆ ತುಂಬಿಸಬೇಕೆಂಬ ನಂಬಿಕೆ ನಮ್ಮ ಕಡೆ ಬಹಳ. ಇದು ತಪ್ಪು. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ, ಆ ಬಾಗುವಿಕೆಯಿಂದಲೇ ಮತ್ತಷ್ಟು ಕಾಯುತ್ತದೆ. ಬೆಳಿಗ್ಗೆ, ಗಾಡಿ ಓಡುವ ಮೊದಲು, ತಣ್ಣಗಿರುವಾಗ ಚೀಟಿಯಲ್ಲಿ ಹೇಳಿದಷ್ಟು ತುಂಬಿಸತಕ್ಕದ್ದು.

ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬವನು ಹಕ್ಕುಪತ್ರ ಪಡೆದಿದ್ದನು. ಆದರೆ ಅದು ರೂಢಿಗೆ ಬರಲಿಲ್ಲ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ಎಂಬವನು, ತನ್ನ ಪುಟ್ಟ ಮಗನ ಮೂರು ಚಕ್ರದ ಗಾಡಿಯು ಕಲ್ಲುದಾರಿಯಲ್ಲಿ ಕುಲುಕುವುದನ್ನು ನೋಡಲಾರದೆ ರಬ್ಬರು ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದನು. 1888ರಲ್ಲಿ ಅವನಿಗೂ ಹಕ್ಕುಪತ್ರ ದೊರೆತು, ಆ ವಸ್ತು ಲೋಕವನ್ನೆಲ್ಲ ವ್ಯಾಪಿಸಿತು. ಅದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಆ ತಂದೆ ಮಗನ ಸುಖಕ್ಕಾಗಿ ಟೈರು ಮಾಡಿದನು. ನಾವು ಮಗಳನ್ನು ಕರೆತರಲು ಹೊರಟು ಟೈರಿನಲ್ಲಿಯೇ ಉಳಿತಾಯ ಮಾಡಿದೆವು.

ಆ ವರ್ಷದ ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದೆವು. ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗಳನ್ನೂ ಚಿಂಚೋಳಿಗೆ ಕಳುಹಿಸುವ ದಿನ, ಬುತ್ತಿಯ ಗಂಟನ್ನು ಗಾಡಿಯಲ್ಲಿಡುವುದಕ್ಕೆ ಮೊದಲು ನಮ್ಮ ಗೃಹಿಣಿ ನಾಲ್ಕೂ ಚಕ್ರಗಳನ್ನು ಸುತ್ತಿ ನೋಡಿ, ಡಿಕ್ಕಿ ತೆಗೆಸಿ ಐದನೆಯದರ ತಾರೀಖನ್ನೂ ಓದಿಸಿದರು. ವಾಚಕರ ಮನೆಗಳಲ್ಲಿಯೂ, ದೂರದ ಪ್ರಯಾಣಕ್ಕೆ ಹೊರಡುವ ಮುನ್ನ, ಯಾರಾದರೊಬ್ಬರು ಹೀಗೆ ಬಾಗಿ ನೋಡಲಿ ಎಂಬುದೇ ನಮ್ಮ ಪ್ರಾರ್ಥನೆಯು.