ಅಪ್ಪನ ಅದಿರಿನ ಬೆಟ್ಟ

ಶುಕ್ರವಾರ, 24 ನವೆಂಬರ್ 2023, ರಾತ್ರಿ
ಭದ್ರಾವತಿ

ಅಂತೂ ಅಪ್ಪ ಒಪ್ಪಿದರು. ಜೀವಮಾನವಿಡೀ ಫರ್ನೇಸಿನ ಬಿಸಿಯಲ್ಲಿ ದುಡಿದವರು, ಅದಿರು ಬರುತ್ತಿದ್ದ ಬೆಟ್ಟವನ್ನು ಒಮ್ಮೆಯೂ ಹತ್ತಿಲ್ಲ. ಶಿಫ್ಟು, ತಂಗಿಯ ಮದುವೆ, ಅಮ್ಮನ ಕಾಯಿಲೆ, ಹೀಗೆ ಒಂದಲ್ಲ ಒಂದು ಅಡ್ಡ ಬಂತು. ನಮ್ಮೂರಿನ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ನೂರು ತುಂಬಿದ ಈ ವರ್ಷವಾದರೂ ಅವರನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ಯಲೇಬೇಕು ಅಂದುಕೊಂಡಿದ್ದೆ. ಸ್ವೆಟರ್, ಮಫ್ಲರ್, ಬಿಪಿ ಮಾತ್ರೆ ಎಲ್ಲ ಬ್ಯಾಗಿಗೆ ಸೇರಿದವು.

ಶನಿವಾರ, 25 ನವೆಂಬರ್
ಕೆಮ್ಮಣ್ಣುಗುಂಡಿ

ತರೀಕೆರೆ, ಲಿಂಗದಹಳ್ಳಿ ದಾಟಿದ್ದೇ ಗಾಳಿ ತಂಪಾಯಿತು. ಕಲ್ಲತ್ತಿಗಿರಿಯಲ್ಲಿ ಇಳಿದು ವೀರಭದ್ರನಿಗೆ ಕೈಮುಗಿದೆವು. ಅಲ್ಲಿಂದ ಮೇಲಕ್ಕೆ ಬರೀ ತಿರುವುಗಳು. ಕಾಫಿ ಗಿಡಗಳಲ್ಲಿ ಹಣ್ಣು ಕೆಂಪೇರಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಜಾಗ ಇದು. ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು ಅದಕ್ಕೇ. ಈಗ ತೋಟಗಾರಿಕೆ ಇಲಾಖೆಯ ಸುಪರ್ದಿನಲ್ಲಿದೆ. ಎತ್ತರ 1434 ಮೀಟರ್. ಹೂದೋಟ ಚೆನ್ನಾಗಿದೆ, ಆದರೆ ಅಪ್ಪನ ಕಣ್ಣು ಹೂವಿನ ಮೇಲಿರಲಿಲ್ಲ. ದಾರಿ ಬದಿಯ ದರೆಯಲ್ಲಿ ಕುಸಿದುಬಿದ್ದಿದ್ದ ಒಂದು ಕಲ್ಲನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದರು. ಮುಷ್ಟಿಯಷ್ಟಿದ್ದರೂ ಒಳ್ಳೆ ಭಾರ. ಸಿಮೆಂಟ್ ಬೆಂಚಿಗೆ ಉಜ್ಜಿದರು. ರಕ್ತಚಂದನ ತೇದ ಹಾಗೆ ಕೆಂಪು ಗೆರೆ ಮೂಡಿತು.

“ನೋಡು ಮಗಾ, ಕಲ್ಲು ಕಪ್ಪಿದ್ರೂ ಗೆರೆ ಕೆಂಪು ಬರುತ್ತೆ. ಇದೇ ಅದಿರು,” ಅಂದರು. ಅವರ ಮುಖದಲ್ಲಿ ಅಂಥ ಬೆಳಕು ಕಂಡು ಎಷ್ಟು ಕಾಲವಾಗಿತ್ತು!

ಆಮೇಲೆ ಮಾತು ನಿಲ್ಲಲಿಲ್ಲ. ಇಲ್ಲಿ ಅಗೆದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ಕೆಳಗಿನ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿ ಸೇರುತ್ತಿತ್ತಂತೆ. ಚಿಕ್ಕ ಹುಡುಗನಾಗಿದ್ದಾಗ ತಣಿಗೆಬೈಲಿನಲ್ಲಿ ನಿಂತು, ತಂತಿಯ ಮೇಲೆ ತೂಗುತ್ತ ಬರುವ ತೊಟ್ಟಿಗಳನ್ನು ಕತ್ತೆತ್ತಿ ನೋಡಿದ ನೆನಪು ಅವರದು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಮೊದಲ ದಿನಗಳಲ್ಲಿ ಕುಲುಮೆ ಉರಿದದ್ದು ಸುತ್ತಲ ಕಾಡಿನ ಮರದ ಇದ್ದಿಲಿನಿಂದ. ನೀರು ಭದ್ರೆಯದು, ಅದಕ್ಕೂ ಈ ಬೆಟ್ಟದ ಹಳ್ಳಗಳೇ ಬಂದು ಸೇರುತ್ತವೆ. ಅದಿರು, ಇದ್ದಿಲು, ನೀರು ಮೂರೂ ಇಲ್ಲಿಯವೇ. ನಮ್ಮೂರು ಉಂಡಿದ್ದು ಈ ಬೆಟ್ಟದ ಅನ್ನ. ನನ್ನ ಸ್ಕೂಲ್ ಫೀಸೂ ಇದರಿಂದಲೇ ಬಂದದ್ದು. ಹಾಗಾಗಿ ಇಲ್ಲಿ ಬರೀ ಸೀನರಿ ನೋಡಿ ಹೊರಡಲು ನನಗೆ ಮನಸ್ಸು ಬರುತ್ತಿಲ್ಲ.

ಭಾನುವಾರ, 26 ನವೆಂಬರ್
ಸಂಜೆ, ಮನೆಗೆ ಬಂದ ಮೇಲೆ

ಬೆಳಿಗ್ಗೆ ಝಡ್ ಪಾಯಿಂಟಿನ ದಾರಿ ಹಿಡಿದೆವು. ಮಂಜು, ಜಾರು. ಅಪ್ಪ ಶಾಂತಿ ಜಲಪಾತದವರೆಗೆ ಬಂದು “ಸಾಕು, ನೀನು ಹೋಗಿ ಬಾ” ಅಂದರು.

ಮುಂದೆ ಕಿರುದಾರಿ. ಒಂದು ಪಕ್ಕ ಪ್ರಪಾತ. ಗಾಳಿಗೆ ಒಡ್ಡಿಕೊಂಡ ನೆತ್ತಿಯಲ್ಲೆಲ್ಲ ಹುಲ್ಲು. ಮಣ್ಣು, ತೇವ ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಒತ್ತಾದ ಶೋಲಾ ಕಾಡು, ಕುಳ್ಳ ಮರಗಳ ಮೈತುಂಬ ಪಾಚಿ. ಹುಲ್ಲಿರುವ ಕಡೆ ಖಾಲಿ ಬಿದ್ದಿದೆ ಎಂದು ಗಿಡ ನೆಡಲು ಹೊರಡುವವರನ್ನು ಕಂಡರೆ ನನಗೆ ಸಂಕಟ. ಮಳೆ ನೀರನ್ನು ಇಂಗಿಸಿಕೊಂಡು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುವುದರಲ್ಲಿ ಆ ಹುಲ್ಲಿನ ಪಾಲೂ ಇದೆ. ಇಂಥ ಹುಲ್ಲಿನ ನಡುವೆ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಬಿಸಾಡಿ ಹೋಗಿದ್ದಾರೆ. ಸಿಟ್ಟು ಬಂತು. ಕೈಗೆ ಸಿಕ್ಕಷ್ಟನ್ನು ಆರಿಸಿ ಬ್ಯಾಗಿಗೆ ತುಂಬಿಕೊಂಡೆ.

ವಾಪಸ್ ಬಂದಾಗ ಅಪ್ಪ ತೋಟದ ಮಾಲಿಯ ಜೊತೆ ಗಣಿಯ ಕಾಲದ ಕತೆಯಲ್ಲಿ ಮುಳುಗಿದ್ದರು. ಗಣಿ ನಿಂತಿದ್ದಕ್ಕೆ ಬೇಜಾರಿಲ್ಲವಾ ಎಂದು ಕಾರಿನಲ್ಲಿ ಕೇಳಿದೆ. “ಬೇಜಾರು ಯಾಕೆ? ಬೆಟ್ಟ ಕೊಡೋಷ್ಟು ಕೊಟ್ಟಿದೆ ಕಣಮ್ಮ, ಇನ್ನು ಅದರ ಪಾಡಿಗೆ ಇರ್ಲಿ,” ಅಂದರು. ಇದ್ದಿಲಿಗೆ ಮರ ಕೊಟ್ಟ ಸೀಮೆಯಲ್ಲಿ ಈಗ ಹುಲಿಯಿದೆ; ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅದನ್ನು ಹೇಳಿದಾಗ ಖುಷಿಪಟ್ಟರು.

ಅವರ ಶಿಫ್ಟಿನ ಗೆಳೆಯರನ್ನೂ ಒಮ್ಮೆ ಕರೆತರಬೇಕಂತೆ. ಒಬ್ಬರಿಗೆ ಮಂಡಿನೋವು. ಗೆಸ್ಟ್‌ಹೌಸಿನಲ್ಲಿ ಮೆಟ್ಟಿಲಿಲ್ಲದ ಕೋಣೆ ಸಿಗುತ್ತದಾ ಎಂದು ನಾಳೆ ಫೋನ್ ಮಾಡಿ ಕೇಳಬೇಕು.